ಎಂಟು ಸಾವಿರದ ಏಳುನೂರು ಅಡಿ

ಸಿರುಗುಪ್ಪದ ಬಸ್ ನಿಲ್ದಾಣದ ಕಲ್ಲುಬೆಂಚು ನಿನ್ನೆಯ ಬಿಸಿಲನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಬೆಳಗ್ಗೆ ಆರೂವರೆಗೇ ಅದರ ಕಾವು ಧೋತರ ದಾಟಿ ಗಾದಿಲಿಂಗಪ್ಪನ ತೊಡೆಗೆ ತಟ್ಟುತ್ತಿತ್ತು. ತೊಡೆಯ ಮೇಲೆ ನೂರು ಪುಟದ ನೋಟುಬುಕ್ಕು; ಅದರ ಮೊದಲ ಹಾಳೆಯಲ್ಲಿ ಸ್ಕೇಲು ಇಟ್ಟು ಎಳೆದ ಗೆರೆಗಳ ನಡುವೆ ಮೂರು ಊರುಗಳು, ಗುಲ್ಮಾರ್ಗ, ಮನಾಲಿ, ಶಿಮ್ಲಾ. ಊರಿನ ಹೆಸರು, ಸಮುದ್ರಮಟ್ಟದಿಂದ ಎತ್ತರ, ಹಿಮ ನಿಲ್ಲುವ ತಿಂಗಳು, ಇಳಿಜಾರು ಎಂಥದು, ಷರಾ. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿದವನ ಕೈ ಯಾವುದನ್ನೂ ಕೋಷ್ಟಕಕ್ಕೆ ತುರುಕದೆ ಬಿಡುವುದಿಲ್ಲ. ಬಳ್ಳಾರಿಯ ಗುಡ್ಡಕ್ಕಿಂತ ಎತ್ತರದ್ದನ್ನು ಅವನು ಹತ್ತಿದವನಲ್ಲ. ಅದನ್ನೂ ಅರ್ಧಕ್ಕೇ ಇಳಿದು ಬಂದಿದ್ದ, ಚಪ್ಪಲಿ ಕಿತ್ತುಹೋಯಿತೆಂಬ ನೆಪ ಹೇಳಿ. ಅಂಥವನ ಪಾಲಿಗೆ, ಹಿಮದ ಮೇಲೆ ಹಲಗೆ ಕಟ್ಟಿಕೊಂಡು ಜಾರುವುದಕ್ಕೆ, ಜಾರುತ್ತ ವರ್ಷಪೂರ್ತಿ ಅಲ್ಲೇ ಬದುಕುವುದಕ್ಕೆ ದೇಶದಲ್ಲಿ ಯಾವ ಊರು ಲಾಯಕ್ಕು ಎಂದು ಆರಿಸುವ ಕೆಲಸ ಬಂದಿತ್ತು. ಹುಟ್ಟುಕುರುಡನನ್ನು ಹೆಣ್ಣು ನೋಡಲು ಕಳಿಸಿದ ಹಾಗಾಯಿತು ಎಂದು ಸ್ಟಾಫ್ ರೂಮಿನಲ್ಲಿ ಗಣಿತದ ಎರ್ರೆಪ್ಪ ನಕ್ಕಿದ್ದ. ನಗಲಿ. ಇವತ್ತು ಸಂಜೆಯೊಳಗೆ ಊರು ಗೊತ್ತಾಗುತ್ತದೆ, ಜೂನ್ ಹೊತ್ತಿಗೆ ತಾನು ಈ ಕಲ್ಲುಬೆಂಚಿನ ಮೇಲಿರುವುದಿಲ್ಲ.

ಪಕ್ಕದಲ್ಲಿ ಅವನ ಹೆಂಡತಿ ಸುವರ್ಣಮ್ಮ ಮೇ ತಿಂಗಳಿನಲ್ಲಿ ಉಣ್ಣೆ ಹೆಣೆಯುತ್ತಿದ್ದಳು. ಕಂದು ಬಣ್ಣದ ಸ್ವೆಟರು, ಅವನದು. ಬೆನ್ನು, ಎದೆ, ಒಂದು ತೋಳು ಮುಗಿದು ಎರಡನೆಯ ತೋಳು ಮೊಣಕೈವರೆಗೆ ಬಂದಿತ್ತು. ಬೆವರಿದ ಬೆರಳಿಗೆ ಎಳೆ ಅಂಟಿಕೊಂಡಾಗಲೆಲ್ಲ ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಕಡ್ಡಿ ಹಿಡಿಯುತ್ತಿದ್ದಳು. ನಾಲ್ಕು ಸಲ ಕಡ್ಡಿ ಆಡಿಸುವುದು, ಉಸಿರಿಗಾಗಿ ನಿಲ್ಲುವುದು, ಮತ್ತೆ ನಾಲ್ಕು ಸಲ. ಆ ನಿಲ್ಲುವಿಕೆ ಅವನಿಗೆ ಹದಿನೆಂಟು ವರ್ಷದಿಂದ ಗೊತ್ತು. ಮೆಟ್ಟಿಲ ಮೇಲೆ, ತುಂಬಿದ ಕೊಡದ ಹತ್ತಿರ, ಮಾತಿನ ನಡುವೆ, ನಿದ್ದೆಯಲ್ಲಿ. ಅವಳು ನಿಂತಾಗ ಅವನೂ ತನಗೆ ತಿಳಿಯದೆ ಉಸಿರು ಹಿಡಿಯುತ್ತಿದ್ದ, ಅವಳದು ಮತ್ತೆ ಶುರುವಾದ ಮೇಲೆಯೇ ಬಿಡುತ್ತಿದ್ದ. ಹೀಗೆ ಹಿಡಿದು ಹಿಡಿದು ತನ್ನ ಆಯುಷ್ಯದ ಅರ್ಧ ಗಾಳಿ ಇವಳಿಗೇ ಹೋಯಿತೆಂದು ಅವನಿಗೆ ಒಳಗೊಳಗೇ ಸಿಟ್ಟು. ಸಿಟ್ಟು ಬಂದ ಮರುಗಳಿಗೆ ನಾಚಿಕೆ. ಹೆಣೆಯುತ್ತಿರುವುದು ಒಂದೇ ಸ್ವೆಟರು, ತನಗೊಂದು ಬೇಕೆಂದು ಅವಳ ಬಾಯಿಂದ ಬಂದಿಲ್ಲ. ಪಾಪ, ತಾನು ಹೋಗುವವಳಲ್ಲ ಎಂದು ಅವಳಿಗೆ ಹೇಗಾದರೂ ಗೊತ್ತಾಗಿಬಿಟ್ಟಿದೆಯೇ?

"ಒಂದೀಟು ಕೈ ಚಾಚ್ರಿ, ತೋಳಿನ ಅಳತಿ ನೋಡ್ತೀನಿ," ಎಂದಳು.

"ಬಿಡು ಮಾರಾಯ್ತಿ, ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡ್ರಿ. ಅಲ್ಲಿ ಹೋದ ಮ್ಯಾಲೆ ಸಣ್ಣದಾತು ಅಂದ್ರ ಯಾರು ಬಿಚ್ಚಿ ಹೆಣೀತಾರ?"

ಅಲ್ಲಿ ಹೋದ ಮೇಲೆ. ಆ ಮಾತು ಅವಳ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ, ಟೆಕ್ಕಲಕೋಟೆಯ ತಂಗಿಯ ಮನೆಗೆ ಹೋದಂತೆ. ಬಸ್ಸು ಬಂತು. ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ರೊಟ್ಟಿಯ ಗಂಟನ್ನು ಅವಳ ಕಾಲ ಬಳಿ ಇಟ್ಟು, ಫ್ಲಾಸ್ಕನ್ನು ತಾನೇ ಹಿಡಿದುಕೊಂಡ. ನೀಲಿ ಬಣ್ಣದ ಹೊಸ ಫ್ಲಾಸ್ಕು. ಏಪ್ರಿಲ್ಲಿನಲ್ಲಿ ಶಾಲೆ ಮುಚ್ಚುವ ದಿನ ಹೆಡ್‌ಮಾಸ್ಟರರು ಚಹಾ, ಚುರುಮುರಿ ತರಿಸಿ, ಕಾಶ್ಮೀರಕ್ಕೋ ಮತ್ತೆಲ್ಲಿಗೋ ಹೊರಟ ನಮ್ಮ ಗಾದಿಲಿಂಗಪ್ಪನವರಿಗೆ ಎಲ್ಲರ ಪರವಾಗಿ ಎಂದು ಅದನ್ನು ಕೈಗಿಟ್ಟಿದ್ದರು. ಚಪ್ಪಾಳೆ ಬಿದ್ದಿತ್ತು. ಚಪ್ಪಾಳೆಯ ನಡುವೆ ಎರ್ರೆಪ್ಪ, "ಬಿಸಿ ನೀರು ಹಾಕ್ಕೊಂಡು ಹೋಗ್ರಿ, ಅಲ್ಲಿ ಮೂಗಿನ ತುದಿ ಉದುರಿ ಬೀಳ್ತೈತಂತ," ಎಂದಿದ್ದ. ಈಗ ಅದರಲ್ಲಿ ಸುವರ್ಣಮ್ಮ ಮಡಕೆಯ ನೀರು ತುಂಬಿದ್ದಳು. ಕಾಲುವೆಯ ಬದಿಯ ಅಕ್ಕಿ ಗಿರಣಿಗಳು ಒಂದೊಂದಾಗಿ ಹಿಂದೆ ಸರಿದವು; ತೌಡಿನ ಧೂಳು ಕಿಟಕಿಯೊಳಗೆ ಬಂದು ಅವಳು ಕೆಮ್ಮಿದಳು. ಫ್ಲಾಸ್ಕಿನ ಮುಚ್ಚಳದಲ್ಲಿ ಅವಳಿಗೆ ನೀರು ಕೊಟ್ಟ. ಅವಳು ಕುಡಿದು ಮುಗಿಸುವಷ್ಟರಲ್ಲಿ ಅವನು ಮನಸ್ಸಿನಲ್ಲೇ ಎಂಟು ಸಾವಿರ ಅಡಿಯ ಮೇಲಿದ್ದ.

ಬಳ್ಳಾರಿಯ ಹತ್ತಿ ಮಿಲ್ಲಿನ ಸಾವ್ಕಾರ ದೊಡ್ಡಬಸಪ್ಪ ಸುವರ್ಣಮ್ಮನ ತವರಿನ ಕಡೆಯ ಬಳಗ. ಎಷ್ಟನೆಯ ಸುತ್ತಿನ ಬಳಗ ಎಂಬುದನ್ನು ಬಡವರೇ ನೆನಪಿಟ್ಟುಕೊಳ್ಳಬೇಕು, ಸಾವ್ಕಾರರಿಗೆ ಪುರಸೊತ್ತಿರುವುದಿಲ್ಲ. ಅವರ ಒಬ್ಬನೇ ಮಗ ಮರಿಬಸಪ್ಪ ಡೆಹರಾಡೂನಿನಲ್ಲಿ ಓದಿ, ಅಲ್ಲಿಯ ಹುಡುಗರ ಜೊತೆ ಹಿಮದ ಬೆಟ್ಟಗಳಿಗೆ ಹೋಗಿ ಸ್ಕೀ ಕಲಿತು ಬಂದಿದ್ದ. ಬಂದವನು ಮಿಲ್ಲಿನಲ್ಲಿ ಕೂರಲೊಲ್ಲ, ಹೆಣ್ಣು ನೋಡಲೊಲ್ಲ, ಹಿಮ ಬೀಳುವ ಕಡೆಯೇ ನನ್ನ ಬಾಳ್ವೆ ಎಂದು ಎರಡು ವರ್ಷ ಹಟ ಹಿಡಿದ. ಕೊನೆಗೆ ಅಪ್ಪನೇ ಸೋತ. ಬೆಟ್ಟದ ಊರಿನಲ್ಲಿ ಇಂಗ್ಲಿಷರ ಕಾಲದ್ದೊಂದು ಮರದ ಮನೆಯನ್ನು ಭೋಗ್ಯಕ್ಕೆ ಹಿಡಿಯುವುದು, ಚಳಿಗಾಲದಲ್ಲಿ ಜಾರಲು ಬರುವವರಿಗೆ ನಾಲ್ಕು ಕೋಣೆ ಬಾಡಿಗೆಗೆ ಕೊಡುವುದು, ಹುಡುಗ ಅಲ್ಲೇ ಇದ್ದು ನೋಡಿಕೊಳ್ಳುವುದು. ಆದರೆ ಒಂದು ಷರತ್ತು. "ನಮ್ಮವರು ಅಂತ ಯಾರರ ಜೋಡಿ ಇರಬೇಕು ಮೇಷ್ಟ್ರ. ಅಲ್ಲಿ ಮಾಂಸ ಬೇಯಿಸಿದ ಪಾತ್ರಿಯೊಳಗ ಅವ ಉಣಬಾರದು. ನೀವಿಬ್ರೂ ಹೋಗಿದ್ರ ನನಗ ಕಣ್ತುಂಬ ನಿದ್ದಿ ಬರ್ತೈತಿ. ಮೊದ್ಲ ಊರು ಆರಿಸಿ ಕೊಡ್ರಿ, ಭೂಗೋಳ ಬಲ್ಲವರು ನೀವು." ಇದು ಕಳೆದ ದೀಪಾವಳಿಯ ಮಾತು. 'ಭೂಗೋಳ ಬಲ್ಲವರು' ಎಂಬುದನ್ನು ಗಾದಿಲಿಂಗಪ್ಪ ಮನೆಯವರೆಗೂ ಬಾಯಲ್ಲಿ ಚಪ್ಪರಿಸುತ್ತ ಬಂದಿದ್ದ. 'ಇಬ್ಬರೂ' ಎಂಬುದು ದೊಡ್ಡವರ ಸೌಜನ್ಯವೆಂದುಕೊಂಡಿದ್ದ.

ಆರಿಸುವ ಕೆಲಸ ಮೊದಮೊದಲು ಪ್ರಾಮಾಣಿಕವಾಗಿಯೇ ನಡೆದಿತ್ತು. ಪ್ರವಾಸಿ ಕಚೇರಿಗಳಿಗೆ ಕಾರ್ಡು ಬರೆದು ತರಿಸಿಕೊಂಡ ಬಣ್ಣದ ಪುಸ್ತಿಕೆಗಳಿಗೆ ಒಂದು ನುಣುಪಾದ ವಾಸನೆಯಿತ್ತು. ಉಳಿದವರು ಊಟಕ್ಕೆ ಹೋದಾಗ ಅವನು ಅವನ್ನು ಮೂಸಿ ನೋಡುತ್ತಿದ್ದ. ಶಾಲೆಯ ಅಟ್ಲಾಸಿನ ಮೇಲೆ ಭೂತಗನ್ನಡಿ ಹಿಡಿದು, ಎತ್ತರದ ಗೆರೆಗಳು ಎಲ್ಲಿ ಒತ್ತೊತ್ತಾಗಿವೆ, ಎಲ್ಲಿ ಸಡಿಲವಾಗಿವೆ ಎಂದು ಗುರುತು ಹಾಕುತ್ತಿದ್ದ. ಶಿಮ್ಲಾ ವಾರದಲ್ಲೇ ಬಿದ್ದುಹೋಯಿತು; ಜನ ಜಾಸ್ತಿ, ಊರೊಳಗೆ ಹಿಮ ನಿಲ್ಲುವುದಿಲ್ಲ. ಉಳಿದದ್ದು ಎರಡು. ಮನಾಲಿಯಲ್ಲಿ ನದಿಯುಂಟು, ಸೇಬಿನ ತೋಟಗಳುಂಟು, ಜಾರುವ ಇಳಿಜಾರು ಊರಿನಿಂದ ಒಂದಿಷ್ಟು ದೂರ, ಆದರೆ ಬಾಳುವೆ ಮಾಡುವವರಿಗೆ ವರ್ಷವಿಡೀ ಹೆಚ್ಚು ತೊಂದರೆಯಿಲ್ಲ. ಎತ್ತರ ಆರು ಸಾವಿರ ಚಿಲ್ಲರೆ. ಗುಲ್ಮಾರ್ಗದಲ್ಲಿ ಇಳಿಜಾರು ಬಾಗಿಲಿಗೇ ಬರುತ್ತದೆ, ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹಿಮ, ಜಾರುವುದನ್ನು ಕಲಿಸುವ ಶಾಲೆಯೂ ಇದೆ; ಆದರೆ ಚಳಿಗಾಲದಲ್ಲಿ ದಾರಿ ಮುಚ್ಚಿದರೆ ಮುಚ್ಚಿತು. ಎತ್ತರ ಎಂಟು ಸಾವಿರದ ಏಳುನೂರು ಅಡಿ. ಸಂಸಾರಸ್ಥರು ಇರುವುದಕ್ಕೆ ಮನಾಲಿಯೇ ಸರಿ ಎಂದು ಷರಾ ಬರೆದು, ಅದನ್ನೇ ಒಂದನೆಯ ನಂಬರಿಗೆ ಇಟ್ಟಿದ್ದ. ಫೆಬ್ರವರಿಯವರೆಗೂ ಅದು ಅಲ್ಲೇ ಇತ್ತು.

ಫೆಬ್ರವರಿಯಲ್ಲಿ ಸಾವ್ಕಾರರ ಹೆಂಡತಿ ದಾಕ್ಷಾಯಣಮ್ಮ, ಬೆಟ್ಟಕ್ಕೆ ಹೋಗುವವಳು ಒಮ್ಮೆ ತೋರಿಸಿಕೊಂಡು ಹೋಗಲಿ ಎಂದು ಸುವರ್ಣಮ್ಮನನ್ನು ಕಂಟೋನ್ಮೆಂಟಿನ ಡಾಕ್ಟರ ಬಳಿ ಕರೆದುಕೊಂಡು ಹೋದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡು, ಹೃದಯದ ಕವಾಟ ಸರಿಯಿಲ್ಲ, ಏಳು ಸಾವಿರ ಅಡಿಯೊಳಗಿದ್ದರೆ ಹುಷಾರಾಗಿ ಇರಬಹುದು, ಅದಕ್ಕಿಂತ ಮೇಲೆ ಮಾತ್ರ ಬೇಡವೇ ಬೇಡ ಎಂದಿದ್ದರು. ಹೆಂಗಸರಿಬ್ಬರೂ ಅಡಿಯ ಲೆಕ್ಕ ತಲೆಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಅಡಿ, ಎತ್ತರ, ಎಲ್ಲ ಮೇಷ್ಟ್ರಿಗೆ ಗೊತ್ತು. ಅವತ್ತು ಸಂಜೆ ಅವನು ರಬ್ಬರು ತೆಗೆದುಕೊಂಡು ಕೂತ. ತಾನೇನು ಮಾಡುತ್ತಿದ್ದೇನೆ ಎಂದು ತನಗೇ ಹೇಳಿಕೊಳ್ಳಲಿಲ್ಲ. ಗುಲ್ಮಾರ್ಗದ ಇಳಿಜಾರು ಉತ್ತಮ, ಹುಡುಗನಿಗೆ ಬೇಕಾದದ್ದು ಇಳಿಜಾರು ತಾನೆ, ಎಂದಷ್ಟೇ. ಮನಾಲಿಯನ್ನು ಅಳಿಸಿ ಎರಡಕ್ಕೆ ಇಳಿಸಿದ. ಷರಾದಲ್ಲಿದ್ದ 'ಸಂಸಾರಸ್ಥರಿಗೆ ಯೋಗ್ಯ' ಎಂಬುದನ್ನು ಅಳಿಸುವಾಗ ಹಾಳೆ ಒಂದು ಕಡೆ ತೆಳ್ಳಗಾಗಿ ಹರಿಯಿತು. ಒಳಗೆ ಅವಳು ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು ನಿಂತಿತು. ಅವನು ಉಸಿರು ಹಿಡಿದ. ಸದ್ದು ಮತ್ತೆ ಶುರುವಾಯಿತು.

ಬಳ್ಳಾರಿಯಲ್ಲಿ ಇಳಿದಾಗ ಬಿಸಿಲು ಏರಿತ್ತು. ಕಂಟೋನ್ಮೆಂಟಿನ ಬಂಗಲೆಯ ವರಾಂಡದಲ್ಲಿ, ಸಾವ್ಕಾರರ ತಂದೆ ತಾಯಿಯರ ಫೋಟೋಗಳ ನಡುವೆ, ಗೋಡೆಗೆ ಮೊಳೆ ಹೊಡೆದು ಮರಿಬಸಪ್ಪನ ಸ್ಕೀಗಳನ್ನು ನೇತುಹಾಕಿದ್ದರು. ಮೂಗು ಮೇಲೆತ್ತಿದ ಎರಡು ಉದ್ದನೆಯ ಮರದ ಹಲಗೆ. ಅವುಗಳ ಹೊಟ್ಟೆಗೆ ಬಳಿದ ಮೇಣ ಈ ಊರಿನ ಸೆಕೆಗೆ ಕರಗಿ ಗೋಡೆಯ ಸುಣ್ಣದ ಮೇಲೆ ಎರಡು ಕಂದು ಗೆರೆ ಇಳಿದಿತ್ತು. ಗಾದಿಲಿಂಗಪ್ಪನಿಗೆ ಅವನ್ನು ನೋಡಿದರೆ ಈಗಲೂ ಅಂಗಾಲು ಜುಮ್ಮೆನ್ನುತ್ತದೆ. ಡಿಸೆಂಬರಿನಲ್ಲಿ ಒಂದು ದಿನ ಮಿಲ್ಲಿನ ಹಿತ್ತಿಲಲ್ಲಿ ಹತ್ತಿಕಾಳಿನ ರಾಶಿ ಎರಡಾಳೆತ್ತರ ಬಿದ್ದಿತ್ತು. "ಬರ್ರಿ ಸರ್, ಕಾಶ್ಮೀರ ತೋರಿಸ್ತೀನಿ," ಎಂದು ಮರಿಬಸಪ್ಪ ಅವನನ್ನು ಮೇಲೆ ಹತ್ತಿಸಿ, ತನ್ನ ದೊಡ್ಡ ಬೂಟು ತೊಡಿಸಿ, ಹಲಗೆ ಕಟ್ಟಿ, ಬೆನ್ನಿಗೆ ಕೈಯಿಟ್ಟು ತಳ್ಳಿಬಿಟ್ಟ. ಧೋತರ ಎತ್ತಿ ಕಟ್ಟಿದ ನಲವತ್ತೇಳು ವಯಸ್ಸಿನ ಮೇಷ್ಟ್ರು ನಾಲ್ಕು ಮಾರು ಜಾರಿದ. ಕಾಲ ಕೆಳಗೆ ಕಾಳು ಸರಸರ ಸರಿಯಿತು, ಮುಖಕ್ಕೆ ಗಾಳಿ ಬಡಿಯಿತು, ಹಿಂದೆ ಯಾರೂ ಇರಲಿಲ್ಲ, ಮುಂದೆ ಯಾರೂ ಇರಲಿಲ್ಲ. ಎರಡು ಕ್ಷಣ. ಆಮೇಲೆ ಬೋರಲಾಗಿ ಬಿದ್ದ. ಕೂಲಿಯವಳೊಬ್ಬಳು "ಅಯ್ಯವಾರು ಪಡ್ಡಾರು!" ಎಂದು, ಮೇಷ್ಟ್ರು ಬಿದ್ದರೆಂದು, ತೆಲುಗಿನಲ್ಲಿ ಕೂಗಿದಳು; ಮಿಲ್ಲಿನ ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಬಾಯಿಂದ ಹತ್ತಿಕಾಳು ಉಗುಳುತ್ತ ಅವನೂ ನಕ್ಕಂತೆ ಮಾಡಿದ. ಅವಮಾನ ಮೂರು ದಿನಕ್ಕೆ ಮರೆತುಹೋಯಿತು. ಆ ಎರಡು ಕ್ಷಣ ಮರೆತುಹೋಗಲಿಲ್ಲ, ಮರೆಯಲು ಅವನು ಬಿಡಲಿಲ್ಲ. ಹಜಾರದಲ್ಲಿ ಮಂಚದ ಮೇಲೆ ಬಿದ್ದುಕೊಂಡು ಕಣ್ಣು ಮುಚ್ಚಿದರೆ ಈಗಲೂ ಜಾರುತ್ತಾನೆ, ಸುವರ್ಣಮ್ಮ ಕೆಮ್ಮುವವರೆಗೆ.

ಸಾವ್ಕಾರರ ಕಾರಿನ ಮುಂದಿನ ಸೀಟಿನಲ್ಲಿ, ಡ್ರೈವರನಿಗೂ ಮರಿಬಸಪ್ಪನಿಗೂ ನಡುವೆ ಮುದುಡಿಕೊಂಡು ಅವನು ಕುರುಗೋಡಿಗೆ ಹೊರಟ. ಹಿಂದೆ ಸಾವ್ಕಾರರು, ಹೆಂಗಸರು. ಈ ಮನೆತನದಲ್ಲಿ ಮದುವೆಯಿರಲಿ, ಮಿಲ್ಲಿಗೆ ಹೊಸ ಯಂತ್ರವಿರಲಿ, ಕುರುಗೋಡಿನ ಮನೆದೇವರಲ್ಲಿ ಹೂ ಕೇಳದೆ ಕಾಲು ಹೊರಗಿಡುವ ಪದ್ಧತಿಯಿಲ್ಲ. ದೇವರ ಎರಡು ಭುಜಕ್ಕೂ ತೋಯಿಸಿದ ಹೂವನ್ನು ಅಂಟಿಸುತ್ತಾರೆ. ಯಾವ ಕಡೆಯದು ಮೊದಲು ಬೀಳುತ್ತದೋ ಅದು ಅವನ ಅಪ್ಪಣೆ. ಆರು ತಿಂಗಳು ಅಟ್ಲಾಸು ನೋಡಿ, ಪುಸ್ತಿಕೆ ತರಿಸಿ, ಕೋಷ್ಟಕ ಬರೆದು ಕೊಟ್ಟರೆ ಸಾವ್ಕಾರರು ಅದನ್ನು ಕನ್ನಡಕ ಹಾಕಿ ನೋಡಿ, "ಭಾಳ ಚಲೋ ಬರದೀರಿ. ಮೊದಲ್ನೇ ಊರು ಬಲಕ್ಕ, ಎರಡನೇದು ಎಡಕ್ಕ, ದೇವ್ರನ್ನ ಕೇಳಿಬಿಡೋಣು," ಎಂದಿದ್ದರು. ಗಾದಿಲಿಂಗಪ್ಪನಿಗೆ ಹೂವಿನಲ್ಲಿ ನಂಬಿಕೆಯಿಲ್ಲ. ಆದರೂ ನಿನ್ನೆಯಿಂದ ಬಲಕ್ಕೆ ಗುಲ್ಮಾರ್ಗ, ಎಡಕ್ಕೆ ಮನಾಲಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಕುರುಗೋಡಿನ ಬಂಡೆಗುಡ್ಡಗಳು ದೂರದಿಂದಲೇ ಕಂಡವು. ಅವುಗಳ ಮೇಲೆ ಬಿಸಿಲು ಬಿಳಿಯಾಗಿ ನಿಂತಿತ್ತು. ಕಣ್ಣು ಅರ್ಧ ಮುಚ್ಚಿ ನೋಡಿದರೆ ಹಿಮವೆಂದೇ ಅಂದುಕೊಳ್ಳಬಹುದಿತ್ತು, ಪಕ್ಕದಲ್ಲಿ ಡ್ರೈವರನ ಬೆವರು ನಾರದಿದ್ದರೆ. ಏಳು ಸಾವಿರದ ಮಾತು ಬಂದೇ ಬರುತ್ತದೆ. ಬಂದಾಗ ಹೇಗೆ ನಿಟ್ಟುಸಿರು ಬಿಡಬೇಕು, ಹೇಗೆ ನೆಲ ನೋಡಬೇಕು, "ಏನ್ ಮಾಡೋದ್ರಿ, ಹುಡುಗನ ಸಲುವಾಗಿ ನಾನೊಬ್ನ ಹೋಗ್ತೀನಿ, ಇಕಿ ತಂಗಿ ಮನ್ಯಾಗ ಇರ್ತಾಳ," ಎಂದು ಎಷ್ಟು ಮೆಲ್ಲಗೆ ಹೇಳಬೇಕು, ಎಲ್ಲವನ್ನೂ ಅವನು ಬಚ್ಚಲಿನಲ್ಲಿ ಹೇಳಿ ನೋಡಿಕೊಂಡಿದ್ದ.

ಗುಡಿಯ ಒಳಗೆ ತಂಪಿತ್ತು, ಎಣ್ಣೆಯ ಕಮಟು ಇತ್ತು. ಪೂಜೆಯ ಅಯ್ಯನವರು ಎರಡು ಕೆಂಪು ಕಣಗಿಲೆ ಹೂಗಳನ್ನೂ ನೀರಿನ ಗಿಂಡಿಯನ್ನೂ ತಟ್ಟೆಯಲ್ಲಿಟ್ಟು ಹೊರಗೆ ಬಂದರು.

"ಕೇಳೋ ಮನೆಯವರ ಕೈ ಹೂವಿಗೆ ತಾಕಬಾರದು. ಹೂವಿನಾಗ ಆಸೆ ಇಲ್ಲದವರು ತೋಯಿಸಿ ಕೊಡಬೇಕು. ಯಾರದಾರ?"

ಸಾವ್ಕಾರರು ಸುತ್ತ ನೋಡಿದರು. "ನಮ್ಮ ಮೇಷ್ಟ್ರದಾರಲ್ಲ. ಅವರಿಗೇನ್ರಿ, ಯಾವ ಊರಾದ್ರೂ ಒಂದ."

ತಟ್ಟೆ ಅವನ ಕೈಗೆ ಬಂತು. ಆಸೆಯಿಲ್ಲದವನ ಕೈ ಮೊದಲು ಎಡದ ಹೂವಿಗೆ ಹೋಯಿತು. ಅದನ್ನು ಎತ್ತಿಕೊಂಡು ಹಸಿರು ತೊಟ್ಟನ್ನು ಉಗುರಿನಿಂದ ಚಿವುಟಿ ತೆಗೆದ. ಎಸಳುಗಳನ್ನು ಅಗಲಿಸಿ ಗಿಂಡಿಯಲ್ಲಿ ಮುಳುಗಿಸಿ, ಒತ್ತಿ, ಮತ್ತೆ ಮುಳುಗಿಸಿದ. ಹಗುರವಾಗಿ, ಒದ್ದೆಯಾಗಿ, ಅದು ಅವನ ಬೆರಳಿಗೇ ಅಂಟಿಕೊಂಡಿತು. ಬಲದ ಹೂವನ್ನು ತೊಟ್ಟು ಸಮೇತ ಹಿಡಿದು, ತುದಿಗೆ ಮಾತ್ರ ನೀರು ಸೋಕಿಸಿ ಕೊಟ್ಟ. ಇಷ್ಟೇ. ಇದಕ್ಕೆ ಭೂಗೋಳವೂ ಬೇಡ, ದೇವರೂ ಬೇಡ. ತೂಕವಿದ್ದದ್ದು ಬೀಳುತ್ತದೆ, ಒಂಬತ್ತನೆಯ ತರಗತಿಯ ಹುಡುಗನಿಗೂ ಗೊತ್ತು. ಯಾರೋ ತನ್ನ ಕೈಯನ್ನೇ ನೋಡುತ್ತಿದ್ದಾರೆ ಎನ್ನಿಸಿ ತಲೆಯೆತ್ತಿದ. ಸಾವ್ಕಾರರು ಕಣ್ಣು ಮುಚ್ಚಿದ್ದರು, ದಾಕ್ಷಾಯಣಮ್ಮ ಗಂಟೆಯ ಕಡೆ ನೋಡುತ್ತಿದ್ದರು, ಮರಿಬಸಪ್ಪ ಕೈಗಡಿಯಾರ ನೋಡುತ್ತಿದ್ದ. ಕಂಬಕ್ಕೆ ಒರಗಿ ಕೂತಿದ್ದ ಸುವರ್ಣಮ್ಮನೂ ಕೈ ಜೋಡಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಅವಳ ತುಟಿಗಳು ಆಡುತ್ತಿದ್ದವು. ಏನು ಬೇಡುತ್ತಿದ್ದಾಳೆ ಇವಳು? ತಾನೂ ಬರುವ ಊರು ಸಿಗಲಿ ಎಂದೇ? ಮೊದಲ ಸಲ ಅವನಿಗೆ ತಾನು ಮಾಡಿದ್ದರ ಹೆಸರು ಹೊಳೆಯಿತು. ಇದು ಊರು ಆರಿಸಿದ್ದಲ್ಲ, ಇವಳನ್ನು ಬಿಟ್ಟದ್ದು. ಜೊತೆಗೆ ದೇವರ ಕೈಯಲ್ಲಿ ಬಿಡಿಸಿದ್ದು.

ಹತ್ತು ನಿಮಿಷವೂ ಆಗಲಿಲ್ಲ. ಬಲಗಡೆಯ ಹೂ ಟಪ್ಪೆಂದು ಕಲ್ಲಿನ ಮೇಲೆ ಬಿತ್ತು. ಅಯ್ಯನವರು ಗಂಟೆ ಬಾರಿಸಿದರು. ಮರಿಬಸಪ್ಪ ಗುಡಿಯೆಂಬುದನ್ನೂ ಮರೆತು ಸಿಳ್ಳೆ ಹಾಕಿ ಅಪ್ಪನಿಂದ ಬೈಸಿಕೊಂಡ. ಎಡಗಡೆಯದು ದೇವರ ಭುಜಕ್ಕೆ ಅಂಟಿಕೊಂಡೇ ಇತ್ತು; ಅವರು ಹೊರಗೆ ಬರುವಾಗಲೂ ಇತ್ತು.

ಊಟಕ್ಕೆ ಗುಡಿಯ ಹೊರಗಿನ ಜಗಲಿಯ ನೆರಳಿನಲ್ಲಿ ಕೂತರು. ಸುವರ್ಣಮ್ಮ ಗಂಟು ಬಿಚ್ಚಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಬಡಿಸಿದಳು. ಮರಿಬಸಪ್ಪ ನಾಲ್ಕನೆಯ ರೊಟ್ಟಿಗೆ ಕೈ ಚಾಚಿ, "ಇದೊಂದು ಅಲ್ಲಿ ಸಿಕ್ರ ಸಾಕು ನೋಡ್ರಿ ಚಿಗವ್ವ, ಮತ್ತೇನ ಬ್ಯಾಡ," ಎಂದ. ಆಗ ದಾಕ್ಷಾಯಣಮ್ಮನ ಕೈಯಲ್ಲಿದ್ದ ತುತ್ತು ನಿಂತಿತು.

"ಅಲ್ರಿ ಮೇಷ್ಟ್ರ, ದೇವ್ರು ಕೊಟ್ಟ ಊರು ಎಷ್ಟು ಎತ್ತರ ಐತಿ? ಡಾಕ್ಟ್ರು ಸುವರ್ಣಗ ಅದೇನೋ ಏಳು ಸಾವಿರ ಅಂದಿದ್ರಲ್ಲ?"

ಬಂತು. ಸುಳ್ಳು ಹೇಳಬಹುದಿತ್ತು, ಹೇಳುವ ಅಗತ್ಯವೂ ಇರಲಿಲ್ಲ. ಮೇಲಾಗಿ, ಹೂವಿನ ವಿಷಯದಲ್ಲಿ ಏನು ಮಾಡಿದರೂ, ಬೆಟ್ಟದ ಎತ್ತರದ ವಿಷಯದಲ್ಲಿ ಸುಳ್ಳು ಹೇಳಲು ಅವನ ನಾಲಿಗೆ ಏಳುತ್ತಿರಲಿಲ್ಲ. "ಎಂಟು ಸಾವಿರದ ಏಳುನೂರು ಅಡಿ," ಎಂದ. ಎಂದು, ಬಚ್ಚಲಿನಲ್ಲಿ ಕಲಿತ ನಿಟ್ಟುಸಿರನ್ನು ಬಿಟ್ಟ. ನೆಲ ನೋಡಿದ. "ಏನ್ ಮಾಡೋದ್ರಿ ಅಕ್ಕಾರ. ದೇವ್ರ ಅಪ್ಪಣಿ ಆಗೈತಿ. ಹುಡುಗನ ಸಲುವಾಗಿ ನಾನೊಬ್ನ ಹೋಗ್ತೀನಿ. ಇಕಿ ತಂಗಿ ಮನ್ಯಾಗ ಇರ್ತಾಳ."

ಸಾವ್ಕಾರರು ನಕ್ಕರು. ಕೆಟ್ಟ ನಗೆಯಲ್ಲ, ಅಕ್ಕರೆಯದೇ, ಅದೇ ಕೆಟ್ಟದಾಯಿತು.

"ನೀವೊಬ್ರ ಬಂದು ಏನ್ ಮಾಡ್ತೀರಿ ಮೇಷ್ಟ್ರ? ಹುಡುಗಗ ಹಿಂದಿ ಬರ್ತೈತಿ, ಗುಡ್ಡ ಗೊತ್ತೈತಿ. ನಮಗ ಬೇಕಾಗಿದ್ದು ಸುವರ್ಣಮ್ಮನ ಕೈರಿ. ಆಕಿ ಬರಾಂಗಿದ್ರ ನೀವೂ ಜೋಡಿಗೆ ಬರ್ತೀರಿ, ಗಂಡನ್ನ ಬಿಟ್ಟು ಹೆಣಮಗಳನ್ನ ಹೆಂಗ ಕರಕೊಂಡು ಹೋಗೋದು, ಅಂತ ನಿಮಗ ಹೇಳಿದ್ದು."

"ಹಂಗಾರ ಆ ಇನ್ನೊಂದು ಊರ..." ಎಂದು ಗಾದಿಲಿಂಗಪ್ಪ ಶುರುಮಾಡಿದ. ಅವನ ಧ್ವನಿ ಅವನಿಗೇ ಬೇರೆಯವರದಂತೆ ಕೇಳಿಸಿತು. "ಮನಾಲಿ ಆರು ಸಾವಿರ ಚಿಲ್ಲರ ಅಷ್ಟರಿ. ಸಂಸಾರಸ್ಥರಿಗೆ ಯೋಗ್ಯ..."

"ಹೂ ಆದ ಮ್ಯಾಲೆ ಮುಗೀತಲ್ರಿ," ಎಂದರು ದಾಕ್ಷಾಯಣಮ್ಮ, ಅವನಿಗೆ ಬುದ್ಧಿ ಹೇಳುವಂತೆ. "ದೇವ್ರ ಕೊಟ್ಟದ್ದನ್ನ ಒದೀತೀರೇನು? ಕೊಟ್ರಬಸಮ್ಮ ಅದಾಳ, ನಮ್ಮ ಅತ್ತಿಯವರ ಕಡಿಯಾಕಿ, ರೊಟ್ಟಿ ಚಲೋ ಮಾಡ್ತಾಳ. ಆಕಿ ಅಣ್ಣ ಹೊನ್ನೂರಪ್ಪ ಜೋಡಿಗೆ ಹೋಗ್ತಾನ. ನಮ್ಮ ಸುವರ್ಣಗ ಪುಣ್ಯ ಇರಲಿಲ್ಲ." ಅವರ ಕಣ್ಣಲ್ಲಿ ನಿಜವಾಗಿಯೇ ನೀರು ಬಂತು. ಸುವರ್ಣಮ್ಮ ಅವರ ಎಲೆಗೆ ಮೊಸರು ಹಾಕಿದಳು.

ಆಮೇಲೆ ಗಾದಿಲಿಂಗಪ್ಪ ಏನು ಉಂಡನೋ ಅವನಿಗೆ ತಿಳಿಯದು. ಅರ್ಧ ಮುರಿದ ರೊಟ್ಟಿಯ ಮೇಲೆ ಒಂದು ನೊಣ ಕೂತು ಏಳುವುದನ್ನು ನೋಡುತ್ತಿದ್ದ. ರಾಜೀನಾಮೆ ಇನ್ನೂ ಕೊಟ್ಟಿಲ್ಲ, ಜೂನ್ ಒಂದಕ್ಕೆ ಶಾಲೆ ತೆರೆಯುತ್ತದೆ. ಎರ್ರೆಪ್ಪ ಕುರ್ಚಿ ಹಿಂದಕ್ಕೆ ಸರಿಸಿ, "ಬಂದ್ರಾ? ಮೂಗು ಐತಲ್ಲ?" ಎನ್ನುತ್ತಾನೆ. ಫ್ಲಾಸ್ಕನ್ನು ವಾಪಸು ಕೊಡಬೇಕೇ, ಇಟ್ಟುಕೊಳ್ಳಬೇಕೇ? ಅದಕ್ಕೊಂದು ಪದ್ಧತಿ ಎಲ್ಲೂ ಇಲ್ಲ. ಒಂಬತ್ತನೆಯ ತರಗತಿಗೆ ಹಿಮಾಲಯದ ಪಾಠ ಜುಲೈನಲ್ಲಿ ಬರುತ್ತದೆ. ಗುಲ್ಮಾರ್ಗದ ಎತ್ತರವನ್ನು ಬೋರ್ಡಿನ ಮೇಲೆ ತಾನೇ ಬರೆಯಬೇಕು. ಮನಾಲಿ ಒಂದನೆಯ ನಂಬರಿನಲ್ಲೇ ಇದ್ದಿದ್ದರೆ, ಅಥವಾ ಎರಡೂ ಹೂವಿನ ತೊಟ್ಟು ಚಿವುಟಿದ್ದಿದ್ದರೆ. ಇವಳ ಬೆನ್ನ ಮೇಲೆ ಕೂತೇ ತಾನು ಆ ಬೆಟ್ಟ ಹತ್ತಬೇಕಿತ್ತು. ಇವಳನ್ನು ಕೆಳಗಿಳಿಸಿದ ಕೂಡಲೇ ತಾನೂ ಇಳಿದುಹೋದ. ಇಷ್ಟು ಸಣ್ಣ ಲೆಕ್ಕ ತನಗೆ ಹೊಳೆಯಲಿಲ್ಲವೆಂಬುದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಬಳ್ಳಾರಿಗೆ ವಾಪಸಾದಾಗ ಮರಿಬಸಪ್ಪನಿಗೆ ಕನಿಕರ ಬಂದಿತ್ತು. ಚಿಕ್ಕ ವಯಸ್ಸಿನವರಿಗೆ ಬರುವ ಕನಿಕರಕ್ಕಿಂತ ಅಪಾಯದ್ದು ಬೇರೆ ಇಲ್ಲ. ವರಾಂಡದ ಗೋಡೆಯಿಂದ ಸ್ಕೀಗಳನ್ನು ಬಿಚ್ಚಿ ತಂದು, "ಸರ್, ಇವು ಹಳೇವು, ನನಗ ಅಲ್ಲಿ ಹೊಸಾವು ಸಿಗ್ತಾವು. ನೆನಪಿಗೆ ಇಟ್ಕೊಳ್ರಿ," ಎಂದು ಕೈಗೆ ಕೊಟ್ಟ. ಬೇಡವೆನ್ನಲು ಗಾದಿಲಿಂಗಪ್ಪ ಬಾಯಿ ತೆರೆದ. ಆದರೆ ಕೈಗಳು ಆಗಲೇ ಅವನ್ನು ತಬ್ಬಿ ಹಿಡಿದುಕೊಂಡಿದ್ದವು, ಮೇಣ ಅಂಗಿಗೆ ಅಂಟಿತ್ತು.

ಸಿರುಗುಪ್ಪದ ಬಸ್ಸಿನ ಕಂಡಕ್ಟರು ಹಲಗೆಗಳನ್ನು ಮೇಲಕ್ಕೆ ಹಾಕಿಸುತ್ತ, "ಇವೇನ್ರಿ ಮೇಷ್ಟ್ರ, ತೊಟ್ಲಿಗೆ ಪಟ್ಟೀನಾ?" ಎಂದು ಕೇಳಿದ. ಮಕ್ಕಳಿಲ್ಲದ ಗಂಡಹೆಂಡತಿ ಇಬ್ಬರೂ ಬಸ್ಸು ಹತ್ತಿ ಕೂತರು. ಬಿಸಿಲು ಬಾಗಿ ಬಸ್ಸಿನೊಳಗೆ ಅಡ್ಡಡ್ಡ ಬೀಳುತ್ತಿತ್ತು. ಟೆಕ್ಕಲಕೋಟೆ ದಾಟುವವರೆಗೂ ಸುವರ್ಣಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮೇಲೆ, ಸಡಿಲವಾಗಿ ಕಟ್ಟಿದ ಹಲಗೆಗಳು ಪ್ರತಿ ಗುಂಡಿಗೂ ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು.

"ಬಲಗಡಿ ಹೂವಿನ ತೊಟ್ಟು ನೀವು ತೆಗೀಲಿಲ್ಲ," ಎಂದಳು.

ಅವನು ಅವಳ ಕಡೆ ತಿರುಗಲಾರದೆ ಮುಂದಿನ ಸೀಟಿನ ಕಬ್ಬಿಣದ ಸರಳನ್ನು ಹಿಡಿದುಕೊಂಡ. "ನೋಡಿದೇನು?" ಎಂದ.

"ಹೂಂ."

"ಮತ್ತ ಯಾಕ ಸುಮ್ನ ಕುಂತಿ? ಅಲ್ಲೇ ಹೇಳಬೇಕಿಲ್ಲೇನು?"

"ಯಾಕ ಹೇಳ್ಲಿ? ನೋಟುಬುಕ್ಕಿನಾಗ ನೀವು ಅಳಿಸಿದ ಹಾಳೀನೂ ನೋಡೀನಿ. ಅದ ಬೀಳ್ಲಿ ಅಂತ ನಾನೂ ಬೇಡ್ಕೊಂಡೆ."

ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಇವಳನ್ನು ಕಣ್ಣುಬಿಟ್ಟು ನೋಡಲಿಲ್ಲವಲ್ಲ, ತಾನು ಇವಳನ್ನು ತಳ್ಳುತ್ತಿದ್ದಾಗ ಇವಳು ತನಗಾಗಿ ದೇವರನ್ನು ಬೇಡುತ್ತಿದ್ದಳಲ್ಲ ಎಂದು ಅವನ ಕಣ್ಣು ಮಂಜಾಯಿತು. "ನನ್ನ ಸಲುವಾಗಿ ನೀನು..." ಎಂದ.

"ನಿಮ್ಮ ಸಲುವಾಗಿ ಅಲ್ರಿ." ಅವಳು ಉಸಿರಿಗಾಗಿ ನಿಂತಳು. ಅವನೂ ಹಿಡಿದ. "ನೋಡ್ರಿ, ಈಗೂ ಹಿಡದ್ರಿ. ನಾ ಉಸಿರು ತಗೊಳ್ಳಾಕ ನಿಂತ್ರ ಆ ಕಡಿ ಮಂಚದ ಮ್ಯಾಲೆ ನೀವು ಉಸಿರು ಹಿಡೀತೀರಿ. ನಾ ಬಿಡೋತನ ಕಾಯ್ತೀರಿ. ಹದಿನೆಂಟು ವರ್ಷಾತು, ಕೇಳಾಕತ್ತೀನಿ. ನೀವು ಆ ಗುಡ್ಡಕ್ಕ ಹೋಗಿದ್ರ ಒಂದು ನಾಕು ವರ್ಷ ಮನ್ಯಾಗ ಒಬ್ಳ ಇರ್ತಿದ್ದೆ. ಯಾರೂ ಕಾಯದಂಗ, ಯಾರೂ ಕೇಳದಂಗ ಉಸಿರಾಡಬೇಕಂತ ಆಸೆ ಇತ್ತು. ಅದಕ್ಕ ಸ್ವೆಟರು ಲಗೂನ ಮುಗಿಸಾಕ ಹತ್ತಿದ್ದೆ."

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ನಾಳೆ ಹಿಟ್ಟು ಹಾಕಿಸಬೇಕು ಎಂದಷ್ಟೇ ಸಾದಾ ಇತ್ತು. ನಾಚಿಕೆಯನ್ನಾದರೂ ಅವನು ತನ್ನದೆಂದು ಇಟ್ಟುಕೊಂಡಿದ್ದ, ಅದನ್ನೂ ಇವಳು ಕಿತ್ತುಕೊಂಡಳು. ಇನ್ನು ಸಿರುಗುಪ್ಪ, ಆ ಹಜಾರ, ಆ ಎರಡು ಮಂಚ. ಅವಳು ಚೀಲದಿಂದ ಸ್ವೆಟರನ್ನು ತೆಗೆದಳು. ಕಡ್ಡಿಗಳನ್ನು ಎಳೆದು ಪಕ್ಕಕ್ಕಿಟ್ಟು, ಅರ್ಧಕ್ಕೆ ನಿಂತ ತೋಳಿನ ಎಳೆಯ ತುದಿ ಹಿಡಿದು ಬಿಚ್ಚತೊಡಗಿದಳು.

"ಕೈ ಚಾಚ್ರಿ, ಎಳಿ ಸಿಕ್ಕಾಗ್ತೈತಿ," ಎಂದಳು.

ಅವನು ಎರಡೂ ಕೈ ಮುಂದೆ ಚಾಚಿದ. ಅವಳು ಬಿಚ್ಚಿದ ಉಣ್ಣೆಯನ್ನು ಅವನ ಮಣಿಕಟ್ಟುಗಳಿಗೆ ಒಂದೊಂದೇ ಸುತ್ತು ಸುತ್ತುತ್ತ ಹೋದಳು. ಆಚೆಯ ಸೀಟಿನ ಮಂದಿ ತಿರುಗಿ ನೋಡಿದರು. ನಾಲ್ಕು ಸುತ್ತಿಗೊಮ್ಮೆ ಅವಳು ಉಸಿರಿಗಾಗಿ ನಿಂತಳು, ಅವನು ತನ್ನ ಉಸಿರು ಹಿಡಿಯದಿರಲು ನೋಡಿದ, ಆಗಲಿಲ್ಲ. ಸಿರುಗುಪ್ಪ ಬರುವವರೆಗೂ ಹಾಗೇ ಕೈ ಚಾಚಿಕೊಂಡು ಕೂತಿದ್ದ.